ಜಂಬಿಟ್ಟಿಗೆ ನೆಲದ ಎಳೆಗಾಡು: ಬೇರು ಪರೀಕ್ಷೆ ಎಲ್ಲಿಗೆ ಬಂತು

ಉತ್ತರ ಕನ್ನಡದ ಜಂಬಿಟ್ಟಿಗೆ ನೆಲದಲ್ಲಿ ತಾನಾಗಿ ಏಳುತ್ತಿರುವ ಕಾಡಿಗೆ ಸಾರಜನಕ, ರಂಜಕ ಎಲ್ಲಿಂದ ಸಿಗುತ್ತಿದೆ ಎಂದು ಬೇರು ನೋಡಿ ತಿಳಿಯುವ ಕೆಲಸ ಇದು. ಈ ಮಳೆಗಾಲದಲ್ಲಿ ಬೇರಿನ ಗಂಟುಗಳ (ಗಾಳಿಯ ಸಾರಜನಕವನ್ನು ಮರಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳ ಗೂಡು) ಭಾಗ ಮುಗಿದಿದೆ, ಬೇರಿನೊಡನೆ ಬಾಳುತ್ತ ರಂಜಕ ತಂದುಕೊಡುವ ಶಿಲೀಂಧ್ರದ್ದು ನಡೆಯುತ್ತಿದೆ.

ಗಂಟು ಹುಡುಕಲು ಹೊನ್ನೆ, ಬೀಟೆಯ ಸಸಿಗಳು ಒಳ್ಳೆಯವು. ಬುಡದಿಂದಲೇ ಬೇರು ಹಿಡಿದು ಮಣ್ಣು ಬಿಡಿಸುತ್ತ ಹೋಗಬೇಕು. ನಡುವೆ ಎಲ್ಲೋ ಗುಂಡಿ ತೋಡಿದರೆ ಸಿಕ್ಕಿದ್ದು ಯಾವ ಮರದ ಬೇರು ಎಂದೇ ಹೇಳಲಾಗದು. ಕವಲುಬೇರು ಒಡೆಯುವ ಸಂದಿಯಲ್ಲಿ ಪುಟ್ಟ ದುಂಡು ಗಂಟುಗಳಿರುತ್ತವೆ. ಬ್ಲೇಡಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಸಾರಜನಕ ಕಟ್ಟುವ ಕೆಲಸ ನಡೆದಿದೆ. ಹಸಿರು, ಕಂದು ಆಗಿದ್ದರೆ ಅದರ ಕಾಲ ಮುಗಿದಿದೆ. ಒಣಗಾಲದಲ್ಲಿ ಬಹುಪಾಲು ಉದುರಿಹೋಗುವುದರಿಂದ ಜುಲೈನಿಂದ ಸೆಪ್ಟೆಂಬರ್ ಒಳಗೆ ನೋಡಬೇಕು. ಕಕ್ಕೆಯ ಬುಡ ಕೆದಕಿ ಪ್ರಯೋಜನವಿಲ್ಲ. ಕಾಯಿ ದ್ವಿದಳದ್ದೇ ಆದರೂ ಅದು ಗಂಟು ಕಟ್ಟುವುದಿಲ್ಲ. ಪನಾಮದಲ್ಲಿ ಮರಳಿ ಬೆಳೆಯುತ್ತಿರುವ ಕಾಡುಗಳ ಬಗ್ಗೆ 2013ರಲ್ಲಿ ಬಂದ ಅಧ್ಯಯನದ ಪ್ರಕಾರ, ಮೊದಲ 12 ವರ್ಷದ ಬೆಳವಣಿಗೆಗೆ ಬೇಕಾದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗಂಟು ಕಟ್ಟುವ ಮರಗಳೇ ಒದಗಿಸಿದ್ದವು. ಎಳೆಗಾಡು ಸವರುವಾಗ ಇವನ್ನು ಉಳಿಸಲೇಬೇಕು.

ರಂಜಕ ಗಾಳಿಯಿಂದ ಬರುವಂಥದ್ದಲ್ಲ. ಈ ಹುಳಿಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಅದನ್ನು ಬಿಗಿಯಾಗಿ ಹಿಡಿದಿಡುತ್ತವೆ. ಮಣ್ಣು ಪರೀಕ್ಷೆಗೆ ಕೊಡುವಾಗ, ರಂಜಕ ಅಳೆಯಲು ಹುಳಿಮಣ್ಣಿಗೆ ಹೊಂದುವ ‘ಬ್ರೇ’ ವಿಧಾನವನ್ನೇ ಕೇಳಿ. ‘ಓಲ್ಸನ್’ ಇರುವುದು ಮುಖ್ಯವಾಗಿ ಸುಣ್ಣದ ಮಣ್ಣಿಗೆ. ಬೇರು ತಲುಪಲಾಗದ ಕಡೆ ಶಿಲೀಂಧ್ರದ ಎಳೆ ತಲುಪುತ್ತದೆ, ಅದನ್ನು ನೋಡಲು ಬಣ್ಣ ಹಾಕಬೇಕು. ತೊಳೆದ ಬೇರನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ 90 ಡಿಗ್ರಿಯಲ್ಲಿ ಕಾಯಿಸಿ (ಕೈಗವಸು, ಕನ್ನಡಕ ಕಡ್ಡಾಯ), ನೀರಲ್ಲಿ ಜಾಲಾಡಿ, ವಿನೆಗರ್‌ಗೆ 5% ಫೌಂಟನ್‌ಪೆನ್ ಇಂಕು ಬೆರೆಸಿ 3 ನಿಮಿಷ ಕುದಿಸಿ. ಆಮೇಲೆ ಕೆಲವು ಹನಿ ವಿನೆಗರ್ ಬೆರೆಸಿದ ನೀರಲ್ಲಿಟ್ಟರೆ ಹೆಚ್ಚಿನ ಬಣ್ಣ ಬಿಡುತ್ತದೆ. ಎಲ್ಲ ಇಂಕೂ ಹಿಡಿಯುವುದಿಲ್ಲ, ಒಂದೆರಡು ಬ್ರಾಂಡ್ ಮೊದಲೇ ಪರೀಕ್ಷಿಸಿಕೊಳ್ಳಿ.

ಕೆಡುವುದು ಎರಡು ಕಡೆ. ದಪ್ಪ ಬೇರು ಆರಿಸಿದರೆ ಫಲಿತಾಂಶ ಸೊನ್ನೆ: ಶಿಲೀಂಧ್ರ ಇರುವುದು ಹೊರಪದರದಲ್ಲಿ, ಬಲಿತ ಬೇರು ಆ ಪದರವನ್ನೇ ಕಳಚಿರುತ್ತದೆ. ಕೊನೆಯ ಕವಲಿನ ಕುಡಿಬೇರೇ ಬೇಕು. ಇನ್ನೊಂದು, ಮರದ ಬೇರನ್ನು ಕಪ್ಪಾಗಿಸುವ ಒಗರು (ಟ್ಯಾನಿನ್). ಕಪ್ಪು ಹೋಗಲಿ ಎಂದು ಹೆಚ್ಚು ಹೊತ್ತು ಕಾಯಿಸಿದರೆ ಹೊರಪದರ ಕರಗಿಬಿಡುತ್ತದೆ. ಅದರ ಬದಲು ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳಿಚಿಸುವುದು ಮೇಲು. ಸೂಕ್ಷ್ಮದರ್ಶಕದಲ್ಲಿ ಅಡ್ಡಗೋಡೆ ಇಲ್ಲದ ನೀಲಿ ಎಳೆ, ಮೊಟ್ಟೆಯಾಕಾರದ ಚೀಲಗಳು ಕಂಡರೆ ಶಿಲೀಂಧ್ರವಿರುವ ಬೇರು ಎಂದು ಲೆಕ್ಕಕ್ಕೆ ಸೇರಿಸಿ. ಅಡ್ಡಗೋಡೆ ಸಾಲಾಗಿದ್ದರೆ ಅದು ಬೇರೆ ಶಿಲೀಂಧ್ರ, ಬಿಟ್ಟುಬಿಡಿ. ಸಾಲುಧೂಪ, ಬೋಗಿಯಂಥ ಮರಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವುಗಳ ಶಿಲೀಂಧ್ರ ಕುಡಿಬೇರಿಗೆ ಹೊರಗಿನಿಂದ ಕವಚ ಹೊದಿಸುತ್ತದೆ.

ಮುಂದಿನದು ಫಾಸ್ಫಟೇಸ್. ತರಗೆಲೆಯ ರಂಜಕವನ್ನು ಬಿಡಿಸಲು ಬೇರು ಸುರಿಸುವ ಕಿಣ್ವ ಇದು. ಕಿತ್ತ ಬೇರನ್ನು ತಣ್ಣಗಿಟ್ಟು ಒಂದು ದಿನದೊಳಗೆ ಅಳೆಯಬೇಕಾದ್ದರಿಂದ, ಪ್ರಯೋಗಾಲಯಕ್ಕೆ ಹತ್ತಿರದ ತುಂಡುನೆಲದಿಂದಲೇ ಶುರು.