ಹಗ್ಗದ ಎರಡು ತುದಿ: ಒಂದು ಚಿತ್ರದ ಪೋಸ್ಟರ್ ಕುರಿತು

ಹೊಡೆದಾಟದ ಚಿತ್ರಕ್ಕೆ ಮಚ್ಚು, ಭಯದ ಚಿತ್ರಕ್ಕೆ ಅರೆತೆರೆದ ಬಾಗಿಲು, ಪ್ರೇಮಕಥೆಗೆ ಒಂದೇ ಕೊಡೆಯಡಿಯ ಜೋಡಿ ಎಂದು ಪೋಸ್ಟರಿಗೆ ಸಿದ್ಧ ಚಿಹ್ನೆಗಳಿವೆ. ಮನೆಯೊಳಗಿನ ಮುನಿಸೇ ಕಥೆಯಾಗಿರುವ ಕೌಟುಂಬಿಕ ಚಿತ್ರಕ್ಕೆ ಅಂಥದ್ದೇನೂ ಇಲ್ಲ. ಆದ್ದರಿಂದಲೇ ಇರಬೇಕು, ಇಂಥ ಚಿತ್ರಗಳ ಪೋಸ್ಟರುಗಳಲ್ಲಿ ಪಾತ್ರಧಾರಿಗಳ ಮುಖಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಹಿಂದೆ ಒಂದು ಸೂರ್ಯಾಸ್ತವನ್ನು ಇಟ್ಟು ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಕಾರವಾರದಲ್ಲಿ ಸೂರ್ಯಾಸ್ತಕ್ಕೆ ಬರವಿಲ್ಲವಾದ್ದರಿಂದ ನಮಗೆ ಆ ಆಸೆ ಇನ್ನೂ ಹೆಚ್ಚು.

ಗೆಳೆಯರ ತಂಡವೊಂದು ಇಲ್ಲಿಯೇ ಚಿತ್ರೀಕರಿಸಿದ ಸಣ್ಣ ಚಿತ್ರದ ಪೋಸ್ಟರ್ ನನ್ನ ಪಾಲಿಗೆ ಬಂದಿತ್ತು. ತಂದೆ ತೀರಿಕೊಂಡ ಮೇಲೆ ದಡದಿಂದ ಎಳೆದು ಮೀನು ಹಿಡಿಯುವ ರಂಪಣಿ ಬಲೆಯಲ್ಲಿ ಮನೆಗಿದ್ದ ಪಾಲನ್ನು ಉಳಿಸಿಕೊಳ್ಳಬೇಕೋ ಮಾರಬೇಕೋ ಎಂಬ ಜಗಳದಲ್ಲಿ ಮಾತು ಬಿಟ್ಟ ಅಣ್ಣ ತಮ್ಮಂದಿರ ಕಥೆ ಅದು. ನಾನು ಬೇರೆ ಪೋಸ್ಟರುಗಳನ್ನು ನೋಡುವ ಮೊದಲು ಬಲೆಯನ್ನು ತಿಳಿಯಲು ಹೊರಟೆ. ದೋಣಿಯು ಬಲೆಯನ್ನು ಅರ್ಧವೃತ್ತಾಕಾರವಾಗಿ ಬಿಡುತ್ತ ಸಾಗಿ ಮತ್ತೆ ದಡ ಸೇರುತ್ತದೆ. ಅದರ ಎರಡು ತುದಿಗಳ ಹಗ್ಗವನ್ನು ಮರಳಿನ ಮೇಲೆ ನಿಂತ ಎರಡು ಗುಂಪುಗಳು ಒಂದೇ ಲಯದಲ್ಲಿ ಎಳೆಯುತ್ತವೆ. ಒಂದು ಕಡೆಯವರು ಸಡಿಲ ಬಿಟ್ಟರೆ ಮೀನು ಅಲ್ಲಿಂದಲೇ ಜಾರಿಹೋಗುತ್ತದೆ. 1970ರ ದಶಕದ ಮಧ್ಯಭಾಗದಲ್ಲಿ ದೊಡ್ಡ ಸುತ್ತುಬಲೆ ಹಾಕುವ ಯಂತ್ರದ ಪರ್ಸಿನ್ ಬೋಟುಗಳು ಬಂದು, ದಡದತ್ತ ಬರುವ ಬಂಗುಡೆಯ ಹಿಂಡುಗಳನ್ನು ಆಳದಲ್ಲಿಯೇ ಸುತ್ತುವರಿಯತೊಡಗಿದ ಮೇಲೆ ರಂಪಣಿಗೆ ಮೊದಲಿನ ಕಾಲ ಉಳಿಯಲಿಲ್ಲ. ತಮ್ಮನು ಮಾರೋಣ ಎನ್ನುವುದರ ಹಿಂದಿನ ನ್ಯಾಯ ನನಗೆ ಅರ್ಥವಾದದ್ದು ಇಲ್ಲಿ, ಚಿತ್ರಕಥೆಯಲ್ಲಿ ಅಲ್ಲ.

ಆಮೇಲೆ ಹಳೆಯ ಪೋಸ್ಟರುಗಳತ್ತ ತಿರುಗಿದೆ. 1959ರ ‘ಅನಾಟಮಿ ಆಫ್ ಎ ಮರ್ಡರ್’ ಎಂಬ ನ್ಯಾಯಾಲಯದ ಚಿತ್ರಕ್ಕೆ ಅಮೆರಿಕದ ವಿನ್ಯಾಸಕ ಸಾಲ್ ಬಾಸ್ ಮಾಡಿದ ವಿನ್ಯಾಸದಲ್ಲಿ ಕತ್ತರಿಸಿ ಇಟ್ಟ ಕಾಗದದಂಥ ಮನುಷ್ಯಾಕೃತಿಯೇ ಮುಖ್ಯ. ಜಾಹೀರಾತು ಸಂಸ್ಥೆಯಲ್ಲಿ ಕಲಾವಿದರಾಗಿದ್ದ ಸತ್ಯಜಿತ್ ರಾಯ್ ತಮ್ಮ ಚಿತ್ರಗಳ ಪೋಸ್ಟರುಗಳನ್ನು ತಾವೇ ರಚಿಸುತ್ತ, ಬಂಗಾಳಿ ಅಕ್ಷರಗಳನ್ನೇ ಚಿತ್ರದಂತೆ ಬಳಸಿದರು. ನನಗೆ ಹೆಚ್ಚು ಒದಗಿದವರು ರಾಯ್. ಕನ್ನಡ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಇದನ್ನು ತೊಡಕೆಂದು ಸಣ್ಣದು ಮಾಡುವವರೇ ಹೆಚ್ಚು. ನಮ್ಮ ಶೀರ್ಷಿಕೆಯಲ್ಲಿ ಇದ್ದ ಒಂದೇ ಒತ್ತಕ್ಷರವನ್ನು ನಾನು ಕೈಯಲ್ಲಿ ಬರೆದು, ಅದು ಹಗ್ಗಕ್ಕೆ ತೂಗುಬಿದ್ದ ಭಾರದಂತೆ ಕೆಳಗಿಳಿಯಲು ಬಿಟ್ಟೆ.

ಹೀಗೆ ಪೋಸ್ಟರಿನ ಅಂಚಿನಿಂದ ಅಂಚಿಗೆ ಒಂದೇ ಹಗ್ಗ ಉಳಿಯಿತು. ಎಡತುದಿಯಲ್ಲಿ ಎರಡು ಕೈ ಬಿಗಿಯಾಗಿ ಹಿಡಿದಿವೆ, ಬಲತುದಿಯಲ್ಲಿ ಒಂದು ಕೈಯ ಬೆರಳುಗಳು ಬಿಚ್ಚುತ್ತಿವೆ. ಬಿಟ್ಟನೋ ಇಲ್ಲವೋ ಎಂಬುದನ್ನು ಚಿತ್ರಮಂದಿರಕ್ಕೇ ಬಿಟ್ಟುಕೊಟ್ಟೆ. ಹಿನ್ನೆಲೆಗೆ ಮಳೆಗಾಲದ ಕಡಲಿನ ಬೂದು, ಶೀರ್ಷಿಕೆಗೆ ಚಿರೇಕಲ್ಲಿನ ಕೆಂಪು. ಪರದೆಯ ಮೇಲೆ ಹೊಳೆಯುವ ಅಚ್ಚ ನೀಲಿ, ಹಸಿರುಗಳು ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತವೆ. ಚಿರೇಕಲ್ಲಿನ ಕೆಂಪು ಕಾಗದದ ಮೇಲೂ ಹೆಚ್ಚು ಸೊರಗುವುದಿಲ್ಲ.

ನಿರ್ದೇಶಕರ ತಕರಾರು ಒಂದೇ: ಮುಖವೆಲ್ಲಿ? ಗೋಡೆಯ ಪೋಸ್ಟರಿನ ಮಟ್ಟಿಗೆ ನಾನು ಮಣಿಯಲಿಲ್ಲ. ಆದರೆ ಮೊಬೈಲಿನಲ್ಲಿ ಅಂಚೆಚೀಟಿಯಷ್ಟಾಗಿ ಕಾಣುವಾಗ ಹಗ್ಗವು ಬರಿಯ ಗೆರೆಯಾಗಿಬಿಡುತ್ತದೆ ಎಂಬ ಅವರ ಮಾತು ನಿಜವಾದ್ದರಿಂದ, ಆ ಅಳತೆಗೆ ಅಣ್ಣನ ಮುಖವನ್ನು ಸೇರಿಸಿಕೊಟ್ಟೆ. ತಮ್ಮನ ಪಾತ್ರ ಮಾಡಿದವನು ಸಿಕ್ಕಾಗಲೆಲ್ಲ ತನ್ನ ಮುಖದ ವಿಚಾರ ಕೇಳುತ್ತಾನೆ. ಬಲಗಡೆಯ ಆ ಕೈ ನಿನ್ನದೇ ಎಂದರೆ ಅವನಿಗೆ ಸಮಾಧಾನವಾಗುವುದಿಲ್ಲ.