ನಾಕ್ ಹೆಜ್ಜಿ ನಡದು ತೋರಸ್ರಿ

ಮೊನ್ನೆ ಮಂಗಳವಾರ ನನ್ನನ್ನು ನೋಡಲು ಇಬ್ಬರು ಬಂದಿದ್ದರು. ವೃದ್ಧಾಶ್ರಮದ ಮ್ಯಾನೇಜರ್ ಒಬ್ಬರು, ಜೊತೆಗೆ ಒಬ್ಬ ನರ್ಸಮ್ಮ. ಚೂಡಾ ತಿಂದರು, ಚಹಾ ಕುಡಿದರು. ಮನೆ ಸ್ವಂತದ್ದಾ, ಪೆನ್ಷನ್ ಎಷ್ಟು, ಮಕ್ಕಳು ಎಲ್ಲೆಲ್ಲಿ ಅಂತ ವಿಚಾರಿಸಿದರು. ಆಮೇಲೆ ಮ್ಯಾನೇಜರ್ ಕಪ್ಪು ಕೆಳಗಿಟ್ಟು, "ಅಮ್ಮಾರ, ಒಂದ್ ನಾಕ್ ಹೆಜ್ಜಿ ನಡದು ತೋರಸ್ರಿ" ಅಂದರು.

ನನಗೆ ನಗು ತಡೆಯಲು ಆಗಲಿಲ್ಲ. ಮಗಳು ಕಣ್ಣು ದೊಡ್ಡದು ಮಾಡಿದಳು. ಅವಳಿಗೇನು ಗೊತ್ತು ಪಾಪ. ಈ ಊರು ಇನ್ನೂ ಗುಲಬರ್ಗಾ ಆಗಿದ್ದ ಕಾಲದಲ್ಲಿ ನನಗೆ ಕನ್ಯಾ ನೋಡಲು ಬಂದವರೂ ಹೀಗೇ ಚೂಡಾ ತಿಂದು, ಚಹಾ ಕುಡಿದು, ಇದೇ ಮಾತು ಹೇಳಿದ್ದರು. ಹುಡುಗಿ ಕುಂಟಳಾ ಅಂತ ಬಾಯಿಬಿಟ್ಟು ಕೇಳೋದು ಹೇಗೆ, ಅದಕ್ಕೆ ನಡೆಸಿ ನೋಡೋದು. ಆಗ ನೆರಿಗೆ ಹಿಡಿದುಕೊಂಡು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಿದ್ದೆ. ಪಾಸಾಗಿದ್ದೆ.

ಈಗ ನನ್ನ ನಡಿಗೆ ಬೇರೆ. ಲಕ್ವಾ ಎಡಗಡೆ ಹೊಡೆದಿದೆ. ಬಲಗಡೆ ಹೊಡೆದಿದ್ದರೆ ಎಷ್ಟೋ ಜನರಿಗೆ ಮಾತೂ ಹೋಗುತ್ತದೆ ಅಂತ ಡಾಕ್ಟರ್ ಹೇಳಿದ್ದರು. ನನ್ನ ಮಾತು ಉಳಿಯಿತು. ಅದೇ ದೊಡ್ಡ ಪುಣ್ಯ ಅಂತ ನಾನು, ಅದೇ ದೊಡ್ಡ ಕಷ್ಟ ಅಂತ ಮಗಳು. ಬಲಗೈಯಲ್ಲಿ ನಾಲ್ಕು ಕಾಲಿನ ಕೋಲು ಹಿಡಿಯುತ್ತೇನೆ. ಮೊದಲು ಕೋಲು ಮುಂದೆ. ಆಮೇಲೆ ಎಡಗಾಲು. ಅದು ಮಡಚುವುದಿಲ್ಲ, ಸೊಂಟದಿಂದ ಎತ್ತಿ ಹೊರಗಡೆಯಿಂದ ಅರ್ಧ ಸುತ್ತು ಹಾಕಿಸಿ ತರಬೇಕು. ಕೊನೆಗೆ ಬಲಗಾಲು. ನಮ್ಮದು ಬ್ರಹ್ಮಪುರದ ಹಳೇ ಮನೆ, ನೆಲಕ್ಕೆ ಶಹಾಬಾದ್ ಪರಸಿ. ಬೇಸಿಗೆಗೆ ತಣ್ಣಗಿರುತ್ತದೆ ಅಂತ ಜೀವನಪೂರ್ತಿ ಹೊಗಳಿದ್ದೆ. ಈಗ ಎರಡು ಕಲ್ಲು ಕೂಡುವ ಗೆರೆ ಬಂದಾಗಲೆಲ್ಲ ಎಡಗಾಲಿನ ಹೆಬ್ಬೆರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಯಾ ನನ್ನ ಸೊಂಟಕ್ಕೆ ಓಢಣಿ ಸುತ್ತಿ ಹಿಂದಿನಿಂದ ಹಿಡಿದುಕೊಳ್ಳುತ್ತಾಳೆ. ಬಿದ್ದರೆ ಎಳೆದುಕೊಳ್ಳೋದಕ್ಕೆ.

ಮ್ಯಾನೇಜರ್ ನನ್ನ ಕಾಲು ನೋಡುತ್ತಿರಲಿಲ್ಲ, ಆ ಓಢಣಿ ನೋಡುತ್ತಿದ್ದರು.

"ಯಾರೂ ಹಿಡೀಲಾರದ ನಡೀತೀರೇನ್ರಿ?"

"ಹಂಗ ನಡೀತಿದ್ರ ನಿಮಗ ಯಾಕ ಕರೀತಿದ್ದೆ?"

ನರ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಮ್ಯಾನೇಜರ್ ಮೊಬೈಲ್ ನೋಡಲು ಶುರು ಮಾಡಿದರು. ಕೆಟ್ಟ ಮನುಷ್ಯ ಅಲ್ಲ ಅವರು. ಶರ್ಟಿನ ಕಾಲರ್ ಸವೆದಿತ್ತು, ಅವರ ಸಂಬಳವೂ ಅಷ್ಟಕ್ಕಷ್ಟೇ ಇರಬೇಕು.

ಆದರೂ ಆ ಮಾತು ಇಡೀ ವಾರ ತಲೆಯಲ್ಲಿ ತಿರುಗುತ್ತಿದೆ. ಹಿಡೀಲಾರದ ನಡೀತೀರೇನು? ನಾವು ವಿಚಾರಿಸಿದ ಕಡೆಯೆಲ್ಲ ಮೊದಲ ಪ್ರಶ್ನೆ ಅದೇ. ಬಾತ್‌ರೂಮಿಗೆ ತಾವೇ ಹೋಗುವವರಾದರೆ ಬನ್ನಿ, ಇಲ್ಲದಿದ್ದರೆ ಹೆಸರು ಬರೆಸಿ ಹೋಗಿ, ಜಾಗ ಆದಾಗ ಫೋನ್ ಮಾಡುತ್ತೇವೆ. ಹಾಸಿಗೆ ಹಿಡಿದವರಿಗೆ ಇರೋದೇ ಕೈಬೆರಳೆಣಿಕೆಯ ಮಂಚ. ಅಲ್ಲಿ ಜಾಗ ಹೇಗೆ ಆಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಬೇಗ ಆಗಲಿ ಅಂತ ದೇವರಲ್ಲಿ ಕೇಳಿಕೊಳ್ಳೋಕೂ ಬಾಯಿ ಬರುವುದಿಲ್ಲ.

ಅವರ ಕಷ್ಟ ತಿಳಿಯದ್ದೇನಲ್ಲ. ನನ್ನಂಥವಳೊಬ್ಬಳಿಗೆ ಹಗಲು ಒಬ್ಬ ಆಯಾ, ರಾತ್ರಿ ಒಬ್ಬಳು ಬೇಕು. ಏಳೋಕೂ ಆಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ನಡೆದಾಡುವವರನ್ನು ಇಟ್ಟುಕೊಂಡರೆ ಊಟ ಹಾಕಿ ಭಜನೆ ಮಾಡಿಸಿದರೆ ಆಯಿತು. ಆದರೆ ನಡೆದಾಡುವ ಕಾಲ ಇದ್ದಾಗ ನಾನು ಆಶ್ರಮದ ಹೆಸರೇ ಎತ್ತಿರಲಿಲ್ಲ. ಯಾಕೆ ಎತ್ತಬೇಕಿತ್ತು? ನನ್ನ ಮನೆ ಇತ್ತು, ನನ್ನ ರೊಟ್ಟಿ ನಾನೇ ಬಡಿಯುತ್ತಿದ್ದೆ.

ಇದಕ್ಕಿಂತ ತಮಾಷೆ ಅಂಗವಿಕಲರ ಸರ್ಟಿಫಿಕೇಟ್ ಮಾಡಿಸುವಾಗ ಆಗಿತ್ತು. 2016ರ ಕಾಯ್ದೆಯ ಪ್ರಕಾರ ಹೆಚ್ಚಿನ ಸವಲತ್ತಿಗೆ ಶೇಕಡಾ 40ರಷ್ಟಾದರೂ ಊನ ಇರಬೇಕು. ಅಲ್ಲಿ ಸಾಲಿನಲ್ಲಿ ಪಕ್ಕ ಕುಳಿತಿದ್ದವರೊಬ್ಬರು ಕಿವಿಯಲ್ಲಿ, "ಅಕ್ಕಾರ, ಡಾಕ್ಟರ್ ಮುಂದ ಜಾಸ್ತಿ ನಡೀಬ್ಯಾಡ್ರಿ, ಪರ್ಸೆಂಟ್ ಕಮ್ಮಿ ಆಗ್ತದ" ಅಂದರು. ಇಲ್ಲಿ ನೋಡಿದರೆ ಮಗಳು ಒಳಗೆ ಕರೆದು, "ಅವ್ವಾ, ಅವರ ಮುಂದೆ ಸ್ವಲ್ಪ ಚೆನ್ನಾಗಿ ನಡಿ" ಅಂದಳು. ಅದೇ ಕಾಲು, ಅದೇ ಕೋಲು. ಒಂದು ಕಡೆ ಚೆನ್ನಾಗಿ ನಡೆದರೆ ನಷ್ಟ, ಇನ್ನೊಂದು ಕಡೆ ಚೆನ್ನಾಗಿ ನಡೆಯದಿದ್ದರೆ ನಷ್ಟ. ನಾನು ಎರಡೂ ಕಡೆ ಎಷ್ಟು ಬರುತ್ತದೋ ಅಷ್ಟೇ ನಡೆದೆ. ಮಾಸ್ತರಿಕೆ ಮಾಡಿದವಳು, ಕಾಪಿ ಹೊಡೆಯೋದು ನನಗೆ ಆಗಿ ಬರುವುದಿಲ್ಲ.

ಹಿರಿಯ ನಾಗರಿಕರ ಕಾಯ್ದೆ 2007ರದ್ದು. ಪ್ರತಿ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಇರಬೇಕು ಅನ್ನುವ ಮಾತು ಅದರಲ್ಲಿದೆ. ಒಳ್ಳೆಯದೇ. ಆದರೆ ನಾನು ಬಡವಳ ಲೆಕ್ಕಕ್ಕೆ ಬರುವುದಿಲ್ಲ, ಪೆನ್ಷನ್ ಇದೆ. ಬೆಂಗಳೂರು, ಹೈದರಾಬಾದಿನ ದೊಡ್ಡ ಕೇರ್ ಹೋಮಿನ ಲೆಕ್ಕಕ್ಕೂ ಬರುವುದಿಲ್ಲ, ಅಷ್ಟು ಪೆನ್ಷನ್ ಇಲ್ಲ. 14567 ಅಂತ ಹಿರಿಯರ ಸಹಾಯವಾಣಿ ಇದೆ, ಅಲ್ಲಿಗೂ ಫೋನ್ ಮಾಡಿದ್ದೆವು. ಆ ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡು ವಿಳಾಸಗಳನ್ನು ಕೊಟ್ಟಳು. ವಿಳಾಸ ಕೊಡಬಹುದು, ಮಂಚ ಎಲ್ಲಿಂದ ತರುತ್ತಾಳೆ?

ಎದುರು ಮನೆ ಕಾಕು ದಿನಾ ಬಂದು, "ಮಗ ಇದ್ದೂ ಆಶ್ರಮಕ್ಕ ಹೋಗೋದೇನ್ರಿ?" ಅನ್ನುತ್ತಾರೆ. ಮಗ ಪುಣೆಯಲ್ಲಿ ಮೂರನೇ ಮಹಡಿಯಲ್ಲಿದ್ದಾನೆ, ಲಿಫ್ಟ್ ಇಲ್ಲ. ಸೊಸೆಯೂ ನೌಕರಿ ಮಾಡುತ್ತಾಳೆ. ಅವರನ್ನು ದೂರುವುದು ಸುಲಭ, ಕಾಕುಗೆ ಅದೇ ಹೊತ್ತುಗಳೆಯುವ ಕೆಲಸ.

ಹಗಲು ಹೇಗೋ ಕಳೆಯುತ್ತದೆ. ತೊಂದರೆ ರಾತ್ರಿಯದ್ದು. ಆಯಾ ಸಂಜೆ ಆರಕ್ಕೆ ಹೋಗುತ್ತಾಳೆ. ಮಗಳು ರಜೆ ಹಾಕಿ ಬಂದಾಗ ಸರಿ, ಅವಳು ಹೈದರಾಬಾದಿಗೆ ಹೋದ ಮೇಲೆ ಮೈದುನನ ಮೊಮ್ಮಗ ಬಂದು ಪಡಸಾಲೆಯಲ್ಲಿ ಮಲಗುತ್ತಾನೆ. ಕಾಲೇಜು ಹುಡುಗ, ಕರೆದರೆ ಎದ್ದು ಬರುತ್ತಾನೆ. ಆದರೆ ಅವನಿಗೆ ಕಮೋಡ್ ಕುರ್ಚಿ ಹಿಡಿ ಅಂತ ಹೇಳೋದು ಹೇಗೆ? ಅದಕ್ಕೆ ಐದರ ಮೇಲೆ ನಾನು ನೀರು ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ, ಕಲಬುರಗಿಯಲ್ಲಿ. ಮಾತ್ರೆಗೆ ಒಂದು ಗುಟುಕು, ಅಷ್ಟೇ. ಡಾಕ್ಟರಿಗೆ ಗೊತ್ತಾದರೆ ಬೈಯುತ್ತಾರೆ, ಬೈಯಲಿ. ಮಂಚದ ಕಂಬಿ ಹಿಡಿದು ಎಡಕ್ಕೆ ಹೊರಳೋದು ನನಗೆ ಬರುತ್ತದೆ, ವಾಪಸ್ ಹೊರಳೋದು ಬರುವುದಿಲ್ಲ. ಕರೆಂಟ್ ಹೋದರೆ ಏರ್ ಬೆಡ್ಡಿನ ಪಂಪು ನಿಲ್ಲುತ್ತದೆ, ಹಾಸಿಗೆ ನಿಧಾನಕ್ಕೆ ಇಳಿಯುತ್ತ ಹೋಗಿ ಬೆನ್ನಿಗೆ ಹಲಗೆ ತಾಗುತ್ತದೆ. ಯಾರಾದರೂ ನನ್ನ ಪರೀಕ್ಷೆ ಮಾಡಬೇಕಾದರೆ ರಾತ್ರಿ ಎರಡು ಗಂಟೆಗೆ ಬರಬೇಕು, ಚಹಾದ ಹೊತ್ತಿಗಲ್ಲ.

ಅಂದು ಕನ್ಯೆಗೆ ತಿರುಗಿ ಕೇಳುವ ಹಕ್ಕು ಇರಲಿಲ್ಲ. ಹುಡುಗನಿಗೆ ಸಿಟ್ಟು ಎಷ್ಟು ಅಂತ ಕೇಳಿದ್ದರೆ ಅಪ್ಪ ಅಲ್ಲೇ ಹೂತುಬಿಡುತ್ತಿದ್ದರು. ಈ ಸಲ ಬಿಡಲಿಲ್ಲ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಆಯಾ? ಒಬ್ಬಳಿಗೆ ಎಷ್ಟು ಮಂಚ? ಕರೆಂಟ್ ಹೋದರೆ ಇನ್ವರ್ಟರ್ ಇದೆಯಾ? ಬಿಸಿ ರೊಟ್ಟಿ ಕೊಡುತ್ತೀರಾ, ಕಟಕ್ ರೊಟ್ಟಿನಾ? ಹೆಂಗಸರನ್ನು ಹೆಂಗಸರೇ ತೊಳೆಯುತ್ತಾರಾ? ಮ್ಯಾನೇಜರ್ "ಎಲ್ಲಾ ಅದರಿ, ಎಲ್ಲಾ ಅದ" ಅನ್ನುತ್ತ ಎದ್ದರು. ನರ್ಸಮ್ಮ ಮಾತ್ರ ಚಪ್ಪಲಿ ಹಾಕಿಕೊಳ್ಳುವಾಗ ತಿರುಗಿ, "ರಾತ್ರಿ ನಾ ಒಬ್ಬಾಕೇ ಇರ್ತೀನ್ರಿ ಅಮ್ಮಾರ" ಅಂದರು. ಆ ಹೆಣ್ಣುಮಗಳ ಮೇಲೆ ನನಗೆ ಭಾಳ ಪ್ರೀತಿ ಬಂತು.

ನಿನ್ನೆ ಫೋನ್ ಬಂತು. ವೇಟಿಂಗಿನಲ್ಲಿ ಇಟ್ಟಿದ್ದಾರಂತೆ. ಅಷ್ಟೆಲ್ಲ ಪ್ರಶ್ನೆ ಕೇಳಿದರೆ ಯಾರು ತಗೊಳ್ಳುತ್ತಾರೆ ಅಂತ ಮಗಳಿಗೆ ಸಿಟ್ಟು. ಬರುವ ವಾರ ಬೀದರ್ ಕಡೆಯಿಂದ ಇನ್ನೊಬ್ಬರು ಬರುವವರಿದ್ದಾರೆ. ಬಾಯಿಮುಚ್ಚಿಕೊಂಡು ಇರ್ತೀನಿ ಅಂತ ಮಾತು ಕೊಡು ಅಂದಳು. ಇನ್ವರ್ಟರ್ ವಿಷಯ ಒಂದು ಬಿಟ್ಟು ಉಳಿದದ್ದಕ್ಕೆ ಕೊಟ್ಟಿದ್ದೇನೆ.