ಇಕ್ಕೇರಿ, ಸಿಗಂದೂರು ಮತ್ತು ಅಧ್ಯಕ್ಷರಿಗೆ ಎರಡು ದಂಡ

ಲಯನ್ಸ್ ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಕ್ತಾಯ. ಡಿಸೆಂಬರ್ ಬಂತೆಂದರೆ ನನ್ನಂಥ ಅಧ್ಯಕ್ಷರ ಅರ್ಧ ಆಯಸ್ಸು ಮುಗಿದ ಹಾಗೆ. ಈ ಹೊತ್ತಿಗೆ ಒಂದು ಸಭೆ ಕರೆದು, ಎಲ್ಲರಿಗೂ ಶಾಲು ಹೊದಿಸಿ, "ತಮ್ಮ ಸಹಕಾರಕ್ಕೆ ಚಿರಋಣಿ" ಎಂದು ಓದಿ, ಉಪ್ಪಿಟ್ಟು ಕೇಸರಿಬಾತ್ ತಿಂದು ಮನೆಗೆ ಹೋಗುವುದು ರೂಢಿ. ಶಾಲು ಯಾರಿಗೆ ಬೇಕು ಹೇಳಿ? ಎಲ್ಲರ ಮನೆ ಬೀರುವಿನಲ್ಲೂ ಮಡಿಕೆ ಬಿಚ್ಚದ ಶಾಲುಗಳ ರಾಶಿ ಇದೆ. ಅದರ ಬದಲು ಒಂದು ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಸಾಗರದ ಕಡೆ ಹೋಗಿಬರೋಣ ಎಂದೆ.

ಖಜಾಂಚಿ ತಕ್ಷಣ ಕೈ ಅಡ್ಡ ಹಿಡಿದರು. ಜನರ ಹತ್ತಿರ ಎತ್ತಿದ ದುಡ್ಡು ಸೇವೆಗೇ ಹೋಗಬೇಕು, ನಮ್ಮ ಖರ್ಚಿಗೆ ಮುಟ್ಟುವ ಹಾಗಿಲ್ಲ. ಅದು ಲಯನ್ಸ್ ನಿಯಮವೂ ಹೌದು, ನಮ್ಮ ಖಜಾಂಚಿಯ ಸ್ವಭಾವವೂ ಹೌದು. ಎಲ್ಲರೂ ಅವರವರ ಜೇಬಿಂದಲೇ ಹಾಕಿಕೊಂಡೆವು. ಅಡಿಕೆ ಕೊಯ್ಲಿನ ಕಾಲ ಬೇರೆ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಸಿಕ್ಕ ದಿನ ತೋಟದವರು ಮದುವೆಗೂ ಹೋಗುವುದಿಲ್ಲ. ಆದರೂ ನಮ್ಮ ತೋಟದವರೆಲ್ಲ ಬೆಳಿಗ್ಗೆ ಶಿವಮೊಗ್ಗದಲ್ಲಿ ಬಂದು ನಿಂತಿದ್ದರು.

ಲಯನ್ಸ್‌ನಲ್ಲಿ ಟೇಲ್ ಟ್ವಿಸ್ಟರ್ ಅಂತ ಒಂದು ಹುದ್ದೆ ಇದೆ. ಸಭೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಸಣ್ಣ ದಂಡ ಹಾಕಿ ಎಲ್ಲರನ್ನೂ ನಗಿಸುವುದು ಅವರ ಕೆಲಸ. ನಮ್ಮವರು ಬಸ್ ಹತ್ತಿದ ಕೂಡಲೇ "ಇದೂ ಒಂದು ಸಭೆಯೇ" ಎಂದು ಘೋಷಿಸಿದರು. ಡ್ರೈವರ್ ಟೀ ಕುಡಿಯಲು ಹೋಗಿ ತಡ ಮಾಡಿದ. ದಂಡ ಬಿದ್ದದ್ದು ನನಗೆ! "ಅಧ್ಯಕ್ಷರ ಆಡಳಿತದಲ್ಲಿ ಸಡಿಲ" ಅಂತ ಕಾರಣ. ಆಯನೂರು ದಾಟುವಷ್ಟರಲ್ಲಿ ದಂಡದ ಡಬ್ಬಿ ಗಲಗಲ ಅನ್ನುತ್ತಿತ್ತು. ಆನಂದಪುರದ ನಂತರ ಅರ್ಧ ಬಸ್ಸು ನಿದ್ದೆ.

ಇಕ್ಕೇರಿ ಸಾಗರದಿಂದ ಕೂಗಳತೆ ದೂರದಲ್ಲಿದೆ. ಕೆಳದಿ ನಾಯಕರು ಬಿದನೂರಿಗೆ ಹೋಗುವ ಮೊದಲು ಇದೇ ಅವರ ರಾಜಧಾನಿ. ಈಗ ಉಳಿದಿರುವುದು ಮುಖ್ಯವಾಗಿ ಅಘೋರೇಶ್ವರ ದೇವಸ್ಥಾನ, ಅದರೆದುರು ಮಂಟಪದಲ್ಲಿ ದೊಡ್ಡ ನಂದಿ. ಎಲ್ಲರೂ ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಹೋದರೆ ಒಳಗಿನ ನೆಲ ನೋಡಿ. ದೇವರ ಎದುರಿನ ಕಲ್ಲುಹಾಸಿನಲ್ಲಿ ಮೂವರು ನಾಯಕರು ಅಡ್ಡಬಿದ್ದ ಹಾಗೆ ಕೆತ್ತಿದ್ದಾರೆ, ಹೆಸರು ಸಮೇತ. ಒಬ್ಬರಿಗೆ ಬೇಡಿ ಕೂಡ ಹಾಕಿದೆ. ಸೀಮೆ ಆಳಿದ ದೊರೆಗಳು ನೆಲದ ಮೇಲೆ, ನಾನು ಕಾಲು ಎಲ್ಲಿಡುವುದು ಅಂತ ತಿಳಿಯದೆ ಗೋಡೆಗೆ ಒತ್ತಿಕೊಂಡು ನಿಂತೆ. ಕಾರ್ಯದರ್ಶಿ ಕಿವಿಯಲ್ಲಿ, "ಅಧ್ಯಕ್ಷರೇ, ಜೂನ್ ಮುಗಿದ ಮೇಲೆ ನಿಮಗೂ ಒಂದು ಕಲ್ಲು ನೋಡೋಣ" ಎಂದರು.

ಇನ್ನೊಂದು ಸಂಗತಿಯೂ ಇಲ್ಲಿದೆ. ಇಲ್ಲಿನ ಎರಡು ಕಂಬಗಳ ನಡುವಿನ ಅಂತರವೇ ಹಿಂದೆ ಈ ಸೀಮೆಯಲ್ಲಿ ತೋಟ ಅಳೆಯುವ ಕೋಲಿನ ಅಳತೆಯಾಗಿತ್ತು. 18 ಅಡಿ 6 ಇಂಚು, 'ದಾಯ' ಅನ್ನುತ್ತಿದ್ದರು. ತೋಟದವರಿಗೆ ಇದನ್ನು ಹೇಳಿದ್ದೇ ತಡ, ದೇವರು ಹಿಂದೆ ಬಿದ್ದ. ಯಾವ ಕಂಬ, ಒಳಗಿಂದ ಒಳಗೋ, ಮಧ್ಯದಿಂದ ಮಧ್ಯಕ್ಕೋ, ಹಿಂದಿನವರ ಮರದ ಅಂತರ ಎಷ್ಟಿತ್ತು ಅಂತ ವಾದ ಶುರು. ಕಾಂಟ್ರಾಕ್ಟರ್ ಜೇಬಿಂದ ಟೇಪು ತೆಗೆದೇ ಬಿಟ್ಟರು. ಅರ್ಚಕರು ಒಮ್ಮೆ ನೋಡಿದರು. ಟೇಪು ಸರ್ರನೆ ಒಳಗೆ ಹೋಯಿತು.

ಈ ಕಾಂಟ್ರಾಕ್ಟರ್ ಬಗ್ಗೆ ಹೇಳಲೇಬೇಕು. 1925ರಲ್ಲಿ ಹೆಲೆನ್ ಕೆಲ್ಲರ್ ಅಮೆರಿಕದ ಸಮಾವೇಶದಲ್ಲಿ ಲಯನ್ಸ್‌ಗೆ ಕುರುಡರ ಪರ ನಿಲ್ಲಿ ಎಂದು ಕೇಳಿಕೊಂಡರಂತೆ. ಅಂದಿನಿಂದ ಕಣ್ಣಿನ ಕೆಲಸ ನಮ್ಮ ಕಡ್ಡಾಯದ ಪಾಠ. ನಾವೂ ಪೊರೆ ಆಪರೇಷನ್ ಶಿಬಿರ ಮಾಡಿದೆವು. ಸೈಟಿನಲ್ಲಿ ಬೈಗುಳ ಬಿಟ್ಟು ಬೇರೆ ಮಾತಾಡದ ಈ ಮನುಷ್ಯ, ಆಪರೇಷನ್ ಆದ ಅಜ್ಜಿಯೊಬ್ಬರ ಮಂಚದ ಪಕ್ಕ ರಾತ್ರಿಯಿಡೀ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ಅಜ್ಜಿಗೆ ಕಣ್ಣು ಉಜ್ಜುವ ಅಭ್ಯಾಸ. ಕೈ ಮೇಲೆದ್ದಾಗಲೆಲ್ಲ ಇವರು ಮೆಲ್ಲಗೆ ಹಿಡಿದು ಕೆಳಗಿಡುವುದು. "ಬಿಡಾ ಮಾರಾಯ" ಅಂತ ಅಜ್ಜಿ ಬೈದರೆ ಇವರು ನಕ್ಕರಂತೆ. ಇದನ್ನು ಅವರು ಹೇಳಲಿಲ್ಲ, ನರ್ಸ್ ಹೇಳಿದ್ದು.

ಮಧ್ಯಾಹ್ನದ ಊಟ ಸದಸ್ಯರೊಬ್ಬರ ಅಕ್ಕನ ಮನೆಯಲ್ಲಿ. ಅಂಗಳದಲ್ಲಿ ಅಡಿಕೆ ಸುಲಿಯುವವರ ಸಾಲು, ಒಲೆ ಮೇಲೆ ಅಡಿಕೆ ಬೇಯುವ ಹಂಡೆ, ಮನೆ ತುಂಬ ಚೊಗರಿನ ವಾಸನೆ. ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿದೆವು. ಕೊನೆಗೆ ತೊಡದೇವು, ತುಪ್ಪ. ಗಡಿಗೆಯ ಬೆನ್ನ ಮೇಲೆ ತೆಳ್ಳಗೆ ಹಚ್ಚಿ ತೆಗೆಯುವ ಅದನ್ನು ಕೈಯಲ್ಲಿ ಹಿಡಿದರೆ ಆಚೆ ಬದಿಯ ಬೆಳಕು ಕಾಣುತ್ತದೆ. ಊಟದ ಖುಷಿಯಲ್ಲಿ ಎದ್ದು "ಈ ಆರು ತಿಂಗಳಲ್ಲಿ ತಾವೆಲ್ಲರೂ..." ಎಂದೆ. ಭಾಷಣ ಎಂಬ ಅಪರಾಧಕ್ಕೆ ಎರಡನೇ ದಂಡ. ಕೂತೆ.

ಸಿಗಂದೂರಿಗೆ ಹೋಗುವ ದಾರಿ ಈಗ ಬದಲಾಗಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ. ನಮ್ಮ ಟಿಟಿ ಕೆಲವೇ ನಿಮಿಷದಲ್ಲಿ ದಾಟಿಬಿಟ್ಟಿತು. ನಮ್ಮಲ್ಲೊಬ್ಬರು ಆ ಕಡೆಯ ಊರಿನವರು. ಮೊಬೈಲ್ ಎತ್ತದೆ ಸುಮ್ನೆ ನೀರು ನೋಡುತ್ತಿದ್ದರು. "ಕೊನೇ ಲಾಂಚ್ ತಪ್ಪಿದರೆ ಹೆರಿಗೆ ನೋವು ಬಂದವರನ್ನೂ ಊರೆಲ್ಲ ಸುತ್ತಿಸಿ ಕರೆದುಕೊಂಡು ಹೋಗಬೇಕಿತ್ತು" ಎಂದರು. ರಕ್ತ ಬೇಕು ಅಂತ ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಇವರು ಯಾಕೆ ಎತ್ತುತ್ತಾರೆ ಅಂತ ನನಗೆ ಅಲ್ಲಿ ಗೊತ್ತಾಯಿತು.

ಚೌಡೇಶ್ವರಿ ದರ್ಶನಕ್ಕೆ ದೊಡ್ಡ ಸಾಲು. ಸೇತುವೆ ಆದ ಮೇಲೆ ಜನ ಇನ್ನೂ ಜಾಸ್ತಿ ಅಂತ ಅಂಗಡಿಯವರು ಹೇಳಿದರು.

ವಾಪಸ್ ಬರುವಾಗ ಅಂಬಾರಗೋಡ್ಲು ಕಡೆ ಟೀಗೆ ನಿಲ್ಲಿಸಿದೆವು. ನನಗೆ ಆಗ ನೆನಪಾಯಿತು. ಒಂದು ಸಭೆಯಲ್ಲಿ ಒಬ್ಬರಿಗೆ ಎರಡು ಸಲಕ್ಕಿಂತ ಹೆಚ್ಚು ದಂಡ ಹಾಕುವ ಹಾಗಿಲ್ಲ. ನನ್ನ ಎರಡೂ ಮುಗಿದಿವೆ! ಎದ್ದು ನಿಂತು ನಿಧಾನವಾಗಿ ಶುರು ಮಾಡಿದೆ. ಮಕ್ಕಳನ್ನು ಮಲಗಿಸಿ ರಾತ್ರಿ ಕೂತು ಪ್ರತಿ ತಿಂಗಳ ವರದಿ ತುಂಬಿದ ಕಾರ್ಯದರ್ಶಿಗೆ. ಬಸ್‌ಸ್ಟ್ಯಾಂಡಿನಲ್ಲಿ ಮೇಜು ಹಾಕಿ ಕಂಡಕ್ಟರುಗಳ ಸಕ್ಕರೆ ಪರೀಕ್ಷೆ ಮಾಡಿದ ಡಾಕ್ಟ್ರಿಗೆ. ಪದಗ್ರಹಣದ ದಿನ ಮಳೆಗೆ ಕರೆಂಟ್ ಹೋದಾಗ ಮೊಬೈಲ್ ಬೆಳಕಲ್ಲಿ ಬಡಿಸಿದವರಿಗೆ. ಒಂದು ರೂಪಾಯಿಗೂ ರಸೀದಿ ಕೇಳಿ ನನ್ನ ತಲೆ ತಿಂದು, ಲೆಕ್ಕದಲ್ಲಿ ನನ್ನ ಮಾನ ಉಳಿಸಿದ ಖಜಾಂಚಿಗೆ. ಕಾಂಟ್ರಾಕ್ಟರ್ ಸರದಿ ಬಂದಾಗ ಅವರು ಟೀ ಹೇಳುವ ನೆಪದಲ್ಲಿ ಅಂಗಡಿಯೊಳಗೆ ಹೋದರು. ನಾನೂ ಬಿಡಲಿಲ್ಲ, ಹೊರಗಿಂದಲೇ ಕೂಗಿ ಹೇಳಿದೆ.

ಟೇಲ್ ಟ್ವಿಸ್ಟರ್ ಡಬ್ಬಿ ಹಿಡಿದು ಒದ್ದಾಡುತ್ತಿದ್ದರು. ಆಗ ಕಾರ್ಯದರ್ಶಿ ಇನ್ನೊಂದು ನಿಯಮ ಎತ್ತಿದರು. ಹಾಜರಿದ್ದವರೆಲ್ಲ ಒಮ್ಮತದಿಂದ ಒಪ್ಪಿದರೆ ಟೇಲ್ ಟ್ವಿಸ್ಟರಿಗೂ ದಂಡ ಹಾಕಬಹುದು. ಮೊದಲು ಕೈ ಎತ್ತಿದ್ದು ಟೇಲ್ ಟ್ವಿಸ್ಟರ್ ಹೆಂಡತಿ. ಖಜಾಂಚಿ ರಸೀದಿ ಪುಸ್ತಕ ತೆಗೆದರು.